ಕತ್ರಿನಾ ಚಂಡಮಾರುತದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರಾಡಳಿತವೇ ಜನರನ್ನು ಸಾಗಿಸಬಹುದಾಗಿದ್ದ ಬಸ್ಸುಗಳನ್ನು ನೀರಿನಲ್ಲಿ ಮುಳುಗಲು ಬಿಟ್ಟು ಕೂತಿರುವಾಗ, ಪರಿಹಾರದ ವೈಫಲ್ಯಕ್ಕೆ ಫೆಡರಲ್ (ಕೇಂದ್ರ) ಸರ್ಕಾರವನ್ನು ದೂರುವುದು ಸರಿಯೇ?

ಬಸ್ಸುಗಳ ಮಾತನ್ನು ಒಪ್ಪುತ್ತೇನೆ. ಮೇಯರ್ ರೇ ನೇಗಿನ್ ಊರು ತೆರವು ಮಾಡಲು ಕಡ್ಡಾಯ ಆದೇಶ ಹೊರಡಿಸಿದ್ದು 2005ರ ಆಗಸ್ಟ್ 28ರಂದು, ಅಂದರೆ ಚಂಡಮಾರುತ ದಡಕ್ಕೆ ಅಪ್ಪಳಿಸುವ ಹಿಂದಿನ ದಿನ. ಸ್ವಂತ ಕಾರಿಲ್ಲದ ಸಾವಿರಾರು ಬಡವರನ್ನು ಹೊರಗೆ ಸಾಗಿಸಲು ತಕ್ಕ ಏರ್ಪಾಡೇ ಇರಲಿಲ್ಲ. ಅದು ನಗರದ ಮತ್ತು ರಾಜ್ಯದ ಲೆಕ್ಕಕ್ಕೇ ಸೇರಬೇಕು.

ಆದರೆ ನಗರದ ಶೇ. 80ರಷ್ಟು ಭಾಗ ಮುಳುಗಿದ್ದು ಬಹುಮಟ್ಟಿಗೆ ಒಡ್ಡುಗಳು ಒಡೆದದ್ದರಿಂದ, ಮತ್ತು ಆ ಒಡ್ಡುಗಳ ಮೇಲಿನ ತಡೆಗೋಡೆಗಳನ್ನು ವಿನ್ಯಾಸ ಮಾಡಿ ಕಟ್ಟಿಸಿದ್ದು ಫೆಡರಲ್ ಸರ್ಕಾರದ ಸೇನಾ ಎಂಜಿನಿಯರುಗಳ ದಳ. 17ನೇ ಬೀದಿಯ ಕಾಲುವೆಯಲ್ಲಿ ನೀರು ಗೋಡೆಯ ತುದಿಯವರೆಗೂ ಏರಿರಲಿಲ್ಲ. ನೀರಿನ ಒತ್ತಡಕ್ಕೆ ಗೋಡೆ ವಾಲಿ, ಅದಕ್ಕೂ ಒಡ್ಡಿನ ಮಣ್ಣಿಗೂ ನಡುವೆ ಬಿರುಕು ಬಿಟ್ಟಿತು. ನೀರು ಆ ಸಂದಿಗೆ ಇಳಿದ ಮೇಲೆ ಅಡಿಯಲ್ಲಿದ್ದ ಮೆದು ಜೇಡಿಯ ಪದರದ ಮೇಲೆ ಒಡ್ಡೇ ಜಾರಿಹೋಯಿತು. ಇದನ್ನು ಪ್ರಕೃತಿ ವಿಕೋಪ ಎಂದು ಕರೆದು ಕೈತೊಳೆದುಕೊಳ್ಳಲು ಬರುವುದಿಲ್ಲ.

ಕಾನೂನಿನಲ್ಲಿ ಮಾತ್ರ ಕೈತೊಳೆದುಕೊಳ್ಳಬಹುದು. 1927ರ ಮಿಸಿಸಿಪ್ಪಿ ಮಹಾಪೂರದ ಬೆನ್ನಿಗೆ ಬಂದ 1928ರ ಪ್ರವಾಹ ನಿಯಂತ್ರಣ ಕಾಯ್ದೆಯ ಒಂದು ಕಲಮು, ಪ್ರವಾಹದ ನೀರಿನಿಂದಾದ ಹಾನಿಗೆ ಫೆಡರಲ್ ಸರ್ಕಾರ ಬಾಧ್ಯವಲ್ಲ ಎನ್ನುತ್ತದೆ. ಈ ಕಾಲುವೆಗಳ ಸಂಬಂಧ ಸಂತ್ರಸ್ತರು ಹೂಡಿದ ದಾವೆಯನ್ನು ನ್ಯಾಯಾಧೀಶ ಸ್ಟ್ಯಾನ್‌ವುಡ್ ಡುವಾಲ್ 2008ರಲ್ಲಿ, ದಳವನ್ನು ಕಟುವಾಗಿ ಟೀಕಿಸುತ್ತಲೇ, ಇದೇ ಕಲಮಿನ ಕಾರಣಕ್ಕೆ ವಜಾ ಮಾಡಿದರು. ತಾನು ಕಟ್ಟಿದ ಗೋಡೆ ಕುಸಿದು ಮನೆ ಕಳೆದುಕೊಂಡವರಿಗೆ ಕೋರ್ಟಿನ ಬಾಗಿಲನ್ನೂ ಮುಚ್ಚಿಟ್ಟಿರುವ ಸರ್ಕಾರಕ್ಕೆ, ಪರಿಹಾರದ ಹೊಣೆ ಉಳಿದೆಲ್ಲರಿಗಿಂತ ಹೆಚ್ಚು ಎಂಬುದು ನನ್ನ ನಿಲುವು.

ರಾಜ್ಯ ನೆರವು ಕೇಳಲಿಲ್ಲ ಎಂಬ ಸಮರ್ಥನೆಯೂ ನಿಲ್ಲದು. 1988ರ ಸ್ಟ್ಯಾಫರ್ಡ್ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಗವರ್ನರ್ ಕೋರಿದ ಮೇಲೆಯೇ ಫೆಡರಲ್ ನೆರವು ಬರಬೇಕು, ನಿಜ. ಆದರೆ ನ್ಯೂ ಆರ್ಲಿಯನ್ಸ್ ಇರುವ ಲೂಯಿಸಿಯಾನಾ ರಾಜ್ಯದ ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ ಚಂಡಮಾರುತಕ್ಕೆ ಮೊದಲೇ ಕೋರಿದ್ದರು, ಆಗಸ್ಟ್ 27ರಂದೇ ಅಧ್ಯಕ್ಷ ಬುಷ್ ಲೂಯಿಸಿಯಾನಾದಲ್ಲಿ ತುರ್ತುಸ್ಥಿತಿಯನ್ನೂ ಘೋಷಿಸಿದ್ದರು. ಆಮೇಲೆ ರಾಜ್ಯದ ಮೀಸಲು ಸೇನಾಪಡೆಯಾದ ನ್ಯಾಷನಲ್ ಗಾರ್ಡ್ ಯಾರ ಹಿಡಿತದಲ್ಲಿರಬೇಕು ಎಂಬುದಕ್ಕೆ ಇಬ್ಬರ ನಡುವೆ ಹಗ್ಗಜಗ್ಗಾಟ ನಡೆಯಿತು. (ಬರ ಪರಿಹಾರದ ಹಣಕ್ಕಾಗಿ ಕರ್ನಾಟಕ 2024ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದನ್ನು ಕಂಡವರಿಗೆ ಇಂಥದ್ದು ಹೊಸದೆನಿಸದು.) ನಗರದ ಸಭಾಭವನವಾದ ಕನ್ವೆನ್ಷನ್ ಸೆಂಟರಿನಲ್ಲಿ ಸಾವಿರಾರು ಜನ ಅನ್ನನೀರಿಲ್ಲದೆ ಸಿಕ್ಕಿಕೊಂಡಿರುವ ಸಂಗತಿ ತಮಗೆ ಗೊತ್ತಾದದ್ದೇ ಆ ದಿನ ಎಂದು ಫೆಡರಲ್ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥ ಮೈಕೆಲ್ ಬ್ರೌನ್ ಟಿವಿಯಲ್ಲಿ ಹೇಳಿದ್ದು ಸೆಪ್ಟೆಂಬರ್ 1ರಂದು. ಇದೇ ಫೆಮಾ, ನ್ಯೂ ಆರ್ಲಿಯನ್ಸಿಗೆ ಭಾರೀ ಚಂಡಮಾರುತ ಬಡಿದರೆ ಏನು ಮಾಡಬೇಕೆಂದು 2004ರ ಜುಲೈನಲ್ಲಿ ‘ಹರಿಕೇನ್ ಪ್ಯಾಮ್’ ಹೆಸರಿನ ತಾಲೀಮನ್ನೇ ನಡೆಸಿತ್ತು.

ಜೀವ ಉಳಿಸುವ ತುರ್ತಿದ್ದರೆ ರಾಜ್ಯದ ಕೋರಿಕೆಗೆ ಕಾಯದೆ ನೆರವು ಕಳಿಸಬಹುದು ಎಂದು 2006ರಲ್ಲಿ ಸ್ಟ್ಯಾಫರ್ಡ್ ಕಾಯ್ದೆಗೆ ತಿದ್ದುಪಡಿ ತಂದರು. 1928ರ ಕಲಮನ್ನು ಮುಟ್ಟಲಿಲ್ಲ.