ಸೀನಿದರೆ ಯಾರೋ ನಮ್ಮ ಸುದ್ದಿ ಎತ್ತಿದ್ದಾರೆ: ಜಪಾನಿನ ದಿನನಿತ್ಯದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅನಿಮೆ (ಜಪಾನಿನ ಕಾರ್ಟೂನು) ನೋಡುವ, ಮಾಂಗಾ (ಅಲ್ಲಿನ ಚಿತ್ರಕಥೆ) ಓದುವ ಮಕ್ಕಳದು ಮತ್ತು ಅವರ ಜೊತೆ ಕೂತು ನೋಡಿ ತಾವೂ ಮರುಳಾದ ತಂದೆತಾಯಂದಿರದು. ಉತ್ತರಿಸುತ್ತಿರುವ ನಾನು ಟೋಕಿಯೊ ಪಕ್ಕದ ಕವಾಸಾಕಿಯಲ್ಲಿ ಹನ್ನೊಂದು ವರ್ಷ ಇದ್ದು, ಈಗ ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಸುತ್ತಿರುವ ಶಿಕ್ಷಕಿ. ಹಲವರು ‘ಜಪಾನಿನವರು ಯಾಕೆ ಹೀಗೆ ವಿಚಿತ್ರ?’ ಎಂದು ಕೇಳಿದ್ದೀರಿ. ಅಲ್ಲಿನ ಒಂದೊಂದು ‘ವಿಚಿತ್ರ’ದ ಹಿಂದೆಯೂ ಒಂದು ಕಾರಣವೋ ಒಂದು ಘಟನೆಯೋ ಇದ್ದೇ ಇರುತ್ತದೆ. ನನಗೆ ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಟೋಕಿಯೊಗೆ ಹೋಗಿ ಬಂದೆವು. ರಸ್ತೆಯಲ್ಲಿ ಒಂದು ಕಾಗದದ ಚೂರೂ ಇಲ್ಲ, ಆದರೆ ಕಸದ ಬುಟ್ಟಿಯೂ ಇಲ್ಲ! ಕುಡಿದ ಬಾಟಲಿ ಹಿಡಿದುಕೊಂಡು ದಿನವಿಡೀ ಓಡಾಡಿದೆವು. ಇದೇನು ಲೆಕ್ಕ? — ಓದುಗರು, ಹುಬ್ಬಳ್ಳಿ

ಬುಟ್ಟಿಗಳು ಮೊದಲು ಇದ್ದವು. 1995ರ ಮಾರ್ಚ್ 20ರ ಬೆಳಿಗ್ಗೆ, ಜನ ಕೆಲಸಕ್ಕೆ ಹೊರಟ ಹೊತ್ತಿನಲ್ಲಿ, ಓಮ್ ಶಿನ್‌ರಿಕ್ಯೊ ಎಂಬ ಪಂಥದವರು ಟೋಕಿಯೊದ ಸುರಂಗ ರೈಲುಗಳಲ್ಲಿ ಸರಿನ್ ಎಂಬ ವಿಷವನ್ನು ಹರಡಿದರು. ಪ್ಲಾಸ್ಟಿಕ್ ಚೀಲದಲ್ಲಿ ವಿಷ ತುಂಬಿ, ಸುತ್ತ ದಿನಪತ್ರಿಕೆ ಸುತ್ತಿ, ಬೋಗಿಯ ನೆಲಕ್ಕೆ ಹಾಕಿ, ಛತ್ರಿಯ ಚೂಪು ತುದಿಯಿಂದ ಚುಚ್ಚಿ ಇಳಿದುಹೋಗಿದ್ದರು. ನೋಡಿದವರಿಗೆ ಯಾರೋ ಬಿಟ್ಟುಹೋದ ಕಸದಂತೆ ಕಾಣುತ್ತಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಅಸ್ವಸ್ಥರಾದರು. ಅದಾದ ಮೇಲೆ ನಿಲ್ದಾಣಗಳಿಂದ, ಸಾರ್ವಜನಿಕ ಜಾಗಗಳಿಂದ ಬುಟ್ಟಿಗಳನ್ನು ತೆಗೆದರು. ಕೆಲವು ಕಡೆ ಒಳಗಿದ್ದದ್ದು ಕಾಣುವ ಪಾರದರ್ಶಕ ಚೀಲಗಳು ವಾಪಸ್ ಬಂದವು, ಬಹಳ ಕಡೆ ಬರಲಿಲ್ಲ. ಜನ ಕಸವನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುವುದನ್ನು ರೂಢಿ ಮಾಡಿಕೊಂಡರು. ಮುಂದಿನ ಸಲ ಹೋದಾಗ ಒಂದು ಸಣ್ಣ ಚೀಲ ಇಟ್ಟುಕೊಂಡಿರಿ. ಬಾಟಲಿ, ಕ್ಯಾನುಗಳಿಗೆ ಪಾನೀಯ ಮಾರುವ ಯಂತ್ರದ ಪಕ್ಕದಲ್ಲೇ ಸಾಮಾನ್ಯವಾಗಿ ಒಂದು ಡಬ್ಬ ಇರುತ್ತದೆ.

ಮನೆಗೆ ಒಯ್ದರೂ ಕೆಲಸ ಮುಗಿಯುವುದಿಲ್ಲ. ಯಾವ ವಾರ ಯಾವ ಕಸ ಎಂದು ಪಾಲಿಕೆ ಒಂದು ಕ್ಯಾಲೆಂಡರ್ ಕೊಡುತ್ತದೆ. ಸುಡುವ ಕಸ, ಸುಡಲಾಗದ ಕಸ, ಗಾಜು, ಕಾಗದ, ಪ್ಲಾಸ್ಟಿಕ್ ಎಲ್ಲಕ್ಕೂ ಬೇರೆ ಬೇರೆ ದಿನ. ನೀರಿನ ಬಾಟಲಿಯಾದರೆ ಮುಚ್ಚಳ ತೆಗೆದು, ಮೇಲಿನ ಲೇಬಲ್ ಸುಲಿದು, ತೊಳೆದು, ಚಪ್ಪಟೆ ಮಾಡಿ ಇಡಬೇಕು. ಬೆಳಿಗ್ಗೆ ಗಾಡಿ ಬರುವ ಮುಂಚೆ ಗೊತ್ತಾದ ಮೂಲೆಗೆ ಒಯ್ದು, ಕಾಗೆ ಕೆದಕದಂತೆ ಬಲೆ ಹೊದಿಸಬೇಕು. ಹೋದ ಹೊಸದರಲ್ಲಿ ನಾನು ತಪ್ಪು ದಿನ ಇಟ್ಟ ಚೀಲ ಸಂಜೆಗೂ ಅಲ್ಲೇ ಕೂತಿತ್ತು, ಮೇಲೊಂದು ಚೀಟಿ ಅಂಟಿಸಿಕೊಂಡು. ಓಣಿಯವರೆಲ್ಲ ಅದನ್ನು ನೋಡಿಕೊಂಡೇ ಹೋಗಿದ್ದರು. ಆಮೇಲೆ ನಾನೆಂದೂ ದಿನ ತಪ್ಪಲಿಲ್ಲ. ಶಿಕೊಕು ದ್ವೀಪದ ಕಾಮಿಕಾತ್ಸು ಎಂಬ ಪುಟ್ಟ ಊರು 2003ರಲ್ಲಿ ‘ಕಸವೇ ಇಲ್ಲದ ಊರು ಮಾಡುತ್ತೇವೆ’ ಎಂದು ಘೋಷಿಸಿಕೊಂಡಿತು. ಅಲ್ಲಿ ಕಸದ ಗಾಡಿಯೇ ಬರುವುದಿಲ್ಲ. ಜನ ತಾವೇ ತಂದು ನಲವತ್ತಕ್ಕೂ ಹೆಚ್ಚು ಬಗೆಯಾಗಿ ವಿಂಗಡಿಸುತ್ತಾರೆ.

‘ಅವರ ರಕ್ತದಲ್ಲೇ ಸ್ವಚ್ಛತೆ ಇದೆ’ ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಟೋಕಿಯೊದ ಕಸದ ಬಹುಪಾಲನ್ನು ಸಮುದ್ರ ತುಂಬಿಸಲು ಕೋತೊ ಎಂಬ ವಾರ್ಡಿನ ಕಡೆಗೆ ಸಾಗಿಸುತ್ತಿದ್ದ ಕಾಲವಿತ್ತು. ಅಲ್ಲಿನ ಒಂದು ಕಸದ ದಿಬ್ಬಕ್ಕೆ ‘ಕನಸಿನ ದ್ವೀಪ’ ಎಂಬರ್ಥದ ಯುಮೆನೊಶಿಮಾ ಎಂಬ ಹೆಸರು! 1965ರಲ್ಲಿ ಅಲ್ಲಿಂದ ನೊಣಗಳ ಹಿಂಡು ಎದ್ದು ಸುತ್ತಲಿನ ಮನೆಗಳಿಗೆ ನುಗ್ಗಿತು. 1971ರಲ್ಲಿ ಟೋಕಿಯೊದ ಗವರ್ನರ್ ಮಿನೊಬೆ ರ್‍ಯೋಕಿಚಿ ‘ಕಸದ ಯುದ್ಧ’ವನ್ನೇ ಘೋಷಿಸಬೇಕಾಯಿತು. ಸುಗಿನಾಮಿ ಎಂಬ ವಾರ್ಡಿನವರು ತಮ್ಮಲ್ಲಿ ಕಸ ಸುಡುವ ಘಟಕ ಬೇಡವೆಂದು ಹಟ ಹಿಡಿದಾಗ, ಕೋತೊದವರು ರಸ್ತೆಗಿಳಿದು ಸುಗಿನಾಮಿಯ ಕಸದ ಲಾರಿಗಳನ್ನು ತಡೆದು ನಿಲ್ಲಿಸಿದರು. ನಿಮ್ಮ ಕಸ ನಿಮ್ಮಲ್ಲೇ ಇರಲಿ ಎಂಬುದು ಅವರ ಮಾತು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನವರು ಕೇಳಿದ್ದೂ ಇದನ್ನೇ ತಾನೆ? ನೀವು ಇವತ್ತು ನೋಡಿದ ಶುಭ್ರ ರಸ್ತೆ ಇಂಥ ಜಗಳಗಳಿಂದ, ಆಮೇಲೆ ಬಂದ ನಿಯಮಗಳಿಂದ ಆದದ್ದು.

ಪ್ರಶ್ನೆ: ಅನಿಮೆಯಲ್ಲಿ ಶಾಲಾ ಮಕ್ಕಳೇ ತರಗತಿ ಗುಡಿಸಿ ಒರೆಸುತ್ತಾರೆ. ನಿಜಕ್ಕೂ ಹಾಗೇನಾ? ನಮ್ಮ ಶಾಲೆಯಲ್ಲೂ ಶುರುಮಾಡಬೇಕು ಅನಿಸುತ್ತದೆ. — ಪ್ರಾಥಮಿಕ ಶಾಲಾ ಶಿಕ್ಷಕರು, ತುಮಕೂರು ಜಿಲ್ಲೆ

ನಿಜವೇ ಸರ್. ಅದಕ್ಕೆ ‘ಸೋಜಿ’ ಎನ್ನುತ್ತಾರೆ. ವೇಳಾಪಟ್ಟಿಯಲ್ಲೇ ಅದಕ್ಕೊಂದು ಹೊತ್ತಿದೆ. ಮಕ್ಕಳು ಒದ್ದೆ ಬಟ್ಟೆಯ ಮೇಲೆ ಎರಡೂ ಕೈ ಊರಿ, ಬಗ್ಗಿ, ಉದ್ದನೆಯ ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತ ಒರೆಸುವುದನ್ನು ನಾನೇ ನೋಡಿದ್ದೇನೆ. ಮಧ್ಯಾಹ್ನದ ಊಟವನ್ನೂ ಬಿಳಿ ಏಪ್ರನ್, ಟೋಪಿ ಹಾಕಿಕೊಂಡ ಮಕ್ಕಳೇ ಸರದಿಯಂತೆ ಬಡಿಸುತ್ತಾರೆ. ಇದನ್ನೆಲ್ಲ ಪಾಠದಷ್ಟೇ ಮುಖ್ಯವಾದ ಕಲಿಕೆ ಎಂದು ಎಣಿಸುತ್ತಾರೆ. ಈಜಿಪ್ಟ್ ದೇಶ ಈ ಪದ್ಧತಿಯನ್ನು ಮೆಚ್ಚಿ, 2018ರಿಂದ ಇದೇ ಮಾದರಿಯ ಶಾಲೆಗಳನ್ನು ನಡೆಸುತ್ತಿದೆ.

ಆದರೆ ನಿಮ್ಮ ಶಾಲೆಯಲ್ಲಿ ಶುರುಮಾಡುವ ಮುಂಚೆ ಒಂದು ಮಾತು. ಅಲ್ಲಿ ಸರದಿ ಎಂದರೆ ಸರದಿ. ಯಾರ ಮನೆಯ ಮಗುವಾದರೂ ಅದರಿಂದ ಬಿಡುಗಡೆ ಇಲ್ಲ. ನಮ್ಮಲ್ಲಿ ಜಾತಿ ನೋಡಿ ಮಕ್ಕಳ ಕೈಗೆ ಪೊರಕೆ ಕೊಟ್ಟ, ಶೌಚಾಲಯ ತೊಳೆಸಿದ ಸುದ್ದಿಗಳನ್ನು ಓದಿದ್ದೇವೆ. ಹಾಗಾಗಿ ಮೊದಲ ದಿನ ಮೇಷ್ಟರೇ ಪೊರಕೆ ಹಿಡಿಯಲಿ. ಸರದಿಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ಹಾಕಿ. ಅಷ್ಟು ಮಾಡಲಾಗದಿದ್ದರೆ ದಯವಿಟ್ಟು ಶುರು ಮಾಡಬೇಡಿ.

ಪ್ರಶ್ನೆ: ಅನಿಮೆಯಲ್ಲಿ ಒಬ್ಬರ ಬಗ್ಗೆ ಮಾತಾಡಿದ ಕೂಡಲೇ ಮತ್ತೆಲ್ಲೋ ಇರುವ ಅವರು ‘ಹಕ್‌ಶೂ’ ಅಂತ ಸೀನುತ್ತಾರೆ. ಯಾಕೆ? — ಏಳನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಪುಟ್ಟಾ, ನಿನಗೆ ಬಿಕ್ಕಳಿಕೆ ಬಂದಾಗ ಅಜ್ಜಿ ‘ಯಾರೋ ನೆನೆಸಿಕೊಳ್ತಿದಾರೆ’ ಅನ್ನುವುದಿಲ್ಲವೇ? ಅಲ್ಲಿ ಬಿಕ್ಕಳಿಕೆಯ ಬದಲು ಸೀನು. ಇನ್ನೊಂದು ಕೇಳು. ಅಲ್ಲಿನ ಮಕ್ಕಳು ಕೆಳಗಿನ ಹಾಲುಹಲ್ಲು ಬಿದ್ದರೆ ಮನೆಯ ಮಾಡಿನ ಮೇಲಕ್ಕೆ ಎಸೆಯುತ್ತಾರೆ, ಮೇಲಿನದು ಬಿದ್ದರೆ ಜಗಲಿಯ ಕೆಳಕ್ಕೆ. ಹೊಸ ಹಲ್ಲು ಆ ದಿಕ್ಕಿಗೇ ಬೆಳೆಯಲಿ ಅಂತ. ನಾನು ಚಿಕ್ಕವಳಿದ್ದಾಗ ನಮ್ಮಮ್ಮ ಹಲ್ಲನ್ನು ಸಗಣಿಯಲ್ಲಿಟ್ಟು ಹಂಚಿನ ಮೇಲೆ ಎಸೆಸಿದ್ದರು. ನೀನೂ ಎಸೆದಿದ್ದೀಯಾ?

ಪ್ರಶ್ನೆ: ಜಪಾನಿ ಸ್ನೇಹಿತನ ಮನೆಯಲ್ಲಿ ಊಟಕ್ಕೆ ಕೂತಾಗ ಚಾಪ್‌ಸ್ಟಿಕ್ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನೀರು ಕುಡಿದೆ. ಅವನ ತಾಯಿಯ ಮುಖ ಬಾಡಿಹೋಯಿತು. ನಾನೇನು ತಪ್ಪು ಮಾಡಿದೆ? — ಸಂಶೋಧನಾ ವಿದ್ಯಾರ್ಥಿ, ಕ್ಯೋಟೊ (ಊರು ಉಡುಪಿ)

ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ನಮ್ಮ ಮನೆ ಮಾಲೀಕರ ತಾಯಿಯ ಎದುರಿಗೇ. ಆ ಅಜ್ಜಿ ಒಂದೂ ಮಾತಾಡದೆ ಕಡ್ಡಿಗಳನ್ನು ಮೆಲ್ಲಗೆ ತೆಗೆದು ಪಕ್ಕದಲ್ಲಿ ಅಡ್ಡ ಇಟ್ಟರು. ಕಾರಣ ತಿಳಿದದ್ದು ಎರಡು ವರ್ಷದ ನಂತರ, ಅವರದೇ ಸಾವಿನ ಮನೆಯಲ್ಲಿ.

ಯಾರಾದರೂ ತೀರಿಕೊಂಡಾಗ ಅವರು ಉಣ್ಣುತ್ತಿದ್ದ ಬಟ್ಟಲಲ್ಲೇ ಅನ್ನವನ್ನು ಗೋಪುರದಂತೆ ತುಂಬಿ, ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ, ದೇಹದ ತಲೆಯ ಹತ್ತಿರ ಇಡುತ್ತಾರೆ. ಅದರ ಹೆಸರು ‘ಮಕುರಾಮೆಶಿ’, ಅಂದರೆ ದಿಂಬಿನ ಅನ್ನ. ಹಾಗಾಗಿ ಊಟದ ಹೊತ್ತಿಗೆ ಕಡ್ಡಿ ಚುಚ್ಚಿದರೆ ಹೆಣದ ಮುಂದಿನ ಎಡೆಯೇ ಕಣ್ಣಿಗೆ ಬರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ ಎಲೆಯ ಮೇಲೆ ಪಿಂಡ ಕಟ್ಟಿಟ್ಟರೆ ನಮಗೆ ಹೇಗಾಗುತ್ತದೋ ಹಾಗೆ.

ಇನ್ನೊಂದನ್ನೂ ತಿಳಿದಿರಿ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರು ಕಡ್ಡಿಯಲ್ಲೇ ತಿನಿಸು ತೆಗೆದುಕೊಳ್ಳಬಾರದು. ಅಲ್ಲಿ ಸತ್ತವರನ್ನೆಲ್ಲ ದಹನವೇ ಮಾಡುತ್ತಾರೆ ಎನ್ನಬಹುದು. ದಹನವಾದ ಮೇಲೆ ಮನೆಯವರು ಸುತ್ತ ನಿಂತು ಕಡ್ಡಿಗಳಿಂದ ಅಸ್ಥಿ ಆರಿಸುತ್ತಾರೆ, ಇಬ್ಬರು ಸೇರಿ ಒಂದೇ ಮೂಳೆಯನ್ನು ಎತ್ತುವುದೂ ಉಂಟು. ಕಾಲಿನ ಮೂಳೆಗಳಿಂದ ಶುರುಮಾಡಿ ತಲೆಯ ಕಡೆಗೆ ಬರುತ್ತಾರೆ, ಕುಡಿಕೆಯೊಳಗೆ ಹೋದವರು ತಲೆಕೆಳಗಾಗಿ ಇರಬಾರದಲ್ಲ. ಕೊರಳಿನ ಒಂದು ಎಲುಬನ್ನು ಕೊನೆಗೆಂದು ಉಳಿಸಿಕೊಂಡಿರುತ್ತಾರೆ. ಧ್ಯಾನಕ್ಕೆ ಕೂತ ಬುದ್ಧನಂತೆ ಕಾಣುವುದರಿಂದ ಅದನ್ನು ‘ಗಂಟಲ ಬುದ್ಧ’ ಎನ್ನುತ್ತಾರೆ. ಆ ಅಜ್ಜಿಯ ಅಸ್ಥಿ ಆರಿಸುವಾಗ ನನ್ನ ಕೈಗೂ ಕಡ್ಡಿ ಕೊಟ್ಟರು. ನನ್ನ ಎದುರು ನಿಂತಿದ್ದವರು ಅವರ ಮೊಮ್ಮಗ. ನಮ್ಮಿಬ್ಬರ ಕಡ್ಡಿಗಳ ನಡುವೆ ಇದ್ದ ಆ ತುಂಡಿಗೆ ಭಾರವೇ ಇರಲಿಲ್ಲ.

ಉತ್ತರಕ್ಕೆ ತಲೆ ಹಾಕಿ ಮಲಗಬೇಡ ಎಂದು ನಿಮ್ಮ ಮನೆಯಲ್ಲಿ ಬೈಸಿಕೊಂಡಿರಬೇಕು. ಜಪಾನಿನಲ್ಲೂ ಬೈಯುತ್ತಾರೆ. ಪರಿನಿರ್ವಾಣದ ಹೊತ್ತಿಗೆ ಬುದ್ಧ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದನೆಂದು ಅಲ್ಲಿ ಶವವನ್ನು ಹಾಗೆ ಮಲಗಿಸುತ್ತಾರೆ, ಬದುಕಿದ್ದವರು ಹಾಗೆ ಮಲಗುವುದಿಲ್ಲ. ಸ್ನೇಹಿತನ ತಾಯಿಗೆ ನೀವು ಈ ಮಾತು ಹೇಳಿ, ‘ಗೊತ್ತಿರಲಿಲ್ಲ’ ಎಂದು ತಲೆ ಬಾಗಿಸಿದರೆ ಸಾಕು. ಅವರು ಆಗಲೇ ಕ್ಷಮಿಸಿರುತ್ತಾರೆ.

ಪ್ರಶ್ನೆ: ನಮ್ಮ ಕ್ಲೈಂಟ್ ಜಪಾನಿನವರು. ಮೀಟಿಂಗಿನಲ್ಲಿ ಎಲ್ಲದಕ್ಕೂ ‘ಹಾಯ್, ಹಾಯ್’ ಅನ್ನುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. — ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಿಘಂಟಿನಲ್ಲಿ ‘ಹಾಯ್’ ಎಂದರೆ ಹೌದು. ಮಾತಿನ ನಡುವೆ ಬಂದಾಗ ಅದು ಹೂಂಗುಟ್ಟುವುದು ಅಷ್ಟೇ. ನಮ್ಮಜ್ಜಿ ಕಥೆ ಹೇಳುವಾಗ ನಾವು ‘ಹ್ಞೂಂ, ಹ್ಞೂಂ’ ಎನ್ನದಿದ್ದರೆ ಕಥೆ ನಿಲ್ಲಿಸುತ್ತಿದ್ದರಲ್ಲ, ಹಾಗೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದು ಅರ್ಥ, ಒಪ್ಪಿದೆ ಎಂದಲ್ಲ. ಅವರ ‘ಇಲ್ಲ’ ಬೇರೆ ರೂಪದಲ್ಲಿ ಬರುತ್ತದೆ. ‘ಚೊತ್ತೊ...’ (ಸ್ವಲ್ಪ...) ಎಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟರೆ ಆಗುವುದಿಲ್ಲ. ‘ಕಷ್ಟ ಇದೆ’ ಎಂದರೂ ಆಗುವುದಿಲ್ಲ. ‘ಕೆಂತೋ ಶಿಮಾಸು’, ಅಂದರೆ ಪರಿಶೀಲಿಸುತ್ತೇವೆ ಎಂದರೆ ಬಹುಪಾಲು ಆಗುವುದಿಲ್ಲ. ಮನೆಗೆ ಬಂದ ನೆಂಟರು ಸಾಲ ಕೇಳಿದಾಗ ನಾವು ‘ನೋಡೋಣ’ ಎನ್ನುತ್ತೇವಲ್ಲ, ಅದೇ ಇದು. ಮೀಟಿಂಗ್ ಮುಗಿದ ಮೇಲೆ ಯಾರು, ಏನು, ಯಾವ ತಾರೀಕಿಗೆ ಎಂದು ಬರೆದು ಕಳಿಸಿ. ಬರೆದದ್ದಕ್ಕೆ ಅವರು ಖಚಿತ ಉತ್ತರ ಕೊಡುತ್ತಾರೆ.

ಪ್ರಶ್ನೆ: ಜಪಾನಿ ಕಲಿಯುವ ಆಸೆ. ಲಿಪಿ ನೋಡಿದರೆ ಭಯ. ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಆಗುತ್ತದಾ? — ಪದವಿ ವಿದ್ಯಾರ್ಥಿನಿ, ರಾಯಚೂರು

ಆಗುತ್ತದೆ. ಕನ್ನಡದವರಿಗೆ ಸುಲಭವಾಗಿಯೇ ಆಗುತ್ತದೆ. ಜಪಾನಿ ಅಕ್ಷರಮಾಲೆಯ ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಸಾಲಾಗಿ ಕ, ಸ, ತ, ನ, ಹ, ಮ, ಯ, ರ, ವ. ಬಾಯಲ್ಲಿ ಹೇಳಿ ನೋಡಿ, ನಿಮ್ಮ ಒಂದನೇ ತರಗತಿಯ ಕಾಗುಣಿತದ ದಾರಿಯೇ ಅಲ್ಲವೇ? ಬೌದ್ಧ ಗ್ರಂಥಗಳನ್ನು ಓದಲು ಸಂಸ್ಕೃತ ಕಲಿತ ಅಲ್ಲಿನ ಭಿಕ್ಷುಗಳು ನಮ್ಮ ವರ್ಣಮಾಲೆಯ ಕ್ರಮವನ್ನು ತಮ್ಮ ಭಾಷೆಗೂ ತಂದುಕೊಂಡರು. ‘ಪ’ ಇರಬೇಕಾದ ಜಾಗದಲ್ಲಿ ‘ಹ’ ಯಾಕೆ ಎಂದು ಕೇಳಬಹುದು. ಹಿಂದೆ ಜಪಾನಿಯಲ್ಲಿ ಅದು ‘ಪ’ವೇ ಆಗಿತ್ತು, ಆಮೇಲೆ ‘ಹ’ ಆಯಿತು ಎನ್ನುತ್ತಾರೆ ಭಾಷಾವಿದ್ವಾಂಸರು. ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆದದ್ದು ನೆನಪಾಯಿತೇ?

ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಗೆ’, ‘ಇಂದ’, ‘ಅಲ್ಲಿ’ ಎಲ್ಲ ನಾಮಪದದ ಹಿಂದೆ ಅಂಟುತ್ತವೆ. ಇನ್ನು ಅನುಕರಣ ಶಬ್ದಗಳಲ್ಲಿ ಆ ಭಾಷೆ ನಮ್ಮಷ್ಟೇ ಶ್ರೀಮಂತ. ಫಳಫಳ ಹೊಳೆಯುವುದಕ್ಕೆ ‘ಪಿಕಾಪಿಕಾ’, ಎದೆ ಡವಡವ ಎನ್ನುವುದಕ್ಕೆ ‘ದೊಕಿದೊಕಿ’, ಜಿಟಿಜಿಟಿ ಮಳೆಗೆ ‘ಶಿತೊಶಿತೊ’, ಗುಡುಗುಡು ಗುಡುಗಿಗೆ ‘ಗೊರೊಗೊರೊ’. ನಮ್ಮ ಕತ್ತಲು ಗವ್ವೆನ್ನುತ್ತದಲ್ಲ, ಹಾಗೆ ಅವರ ಮೌನಕ್ಕೂ ಒಂದು ಸದ್ದಿದೆ. ಮಾಂಗಾದ ಖಾಲಿ ಚೌಕದಲ್ಲಿ ‘ಶೀಈನ್’ ಎಂದು ಬರೆದಿರುತ್ತಾರೆ. ಇಂಗ್ಲಿಷಿನ ಮೂಲಕ ಕಲಿಯುವವರು ಒದ್ದಾಡುವುದು ಇಲ್ಲೇ. ನೀವು ಕನ್ನಡದಿಂದಲೇ ನೇರ ಹೋಗಿ. ಹಿರಗಾನ ಎಂಬ ಮೂಲ ಲಿಪಿಯ 46 ಅಕ್ಷರಗಳು ಹತ್ತು ದಿನದ ಕೆಲಸ. ಚಿತ್ರಲಿಪಿ ಕಾಂಜಿಗೆ ಮಾತ್ರ ವರ್ಷಗಳೇ ಬೇಕು. ದಿನಬಳಕೆಗೆಂದು ಸರ್ಕಾರ ಗೊತ್ತುಮಾಡಿದ ಪಟ್ಟಿಯಲ್ಲೇ 2136 ಇವೆ. ಅದಕ್ಕೆ ಅಡ್ಡದಾರಿಯಿಲ್ಲ, ದಿನಾ ಬರೆಯಬೇಕು.

ಪ್ರಶ್ನೆ: ಕ್ರಿಸ್‌ಮಸ್‌ಗೆ ಜಪಾನಿನವರು ಕೆಎಫ್‌ಸಿ ಕೋಳಿ ತಿನ್ನುವುದು ನಿಜವೇ? — ಓದುಗರು, ಮಂಗಳೂರು

ನಿಜ. 1974ರಲ್ಲಿ ಆ ಕಂಪನಿ ಮಾಡಿದ ಜಾಹೀರಾತಿನಿಂದ ಹಬ್ಬಿದ್ದು. ಕ್ರೈಸ್ತರು ಅಲ್ಲಿ ತೀರಾ ಕಡಿಮೆ, ಡಿಸೆಂಬರ್ 25 ರಜೆಯೂ ಅಲ್ಲ. ಕೋಳಿಯ ಜೊತೆ ಸ್ಟ್ರಾಬೆರಿ ಇಟ್ಟ ಬಿಳಿ ಕೇಕ್ ಇರಲೇಬೇಕು.

ಪ್ರಶ್ನೆ: ಅನಿಮೆಯಲ್ಲಿ ಸಂಜೆ ಆಟವಾಡುವ ಮಕ್ಕಳು ಎಲ್ಲಿಂದಲೋ ಒಂದು ಹಾಡಿನ ರಾಗ ಕೇಳಿದ ಕೂಡಲೇ ಮನೆಗೆ ಓಡುತ್ತಾರೆ. ಅದು ಎಲ್ಲಿಂದ ಬರುತ್ತದೆ? — ಓದುಗರು, ಮೈಸೂರು

ಊರಿನ ಕಂಬಗಳ ಮೇಲೆ ಕಟ್ಟಿದ ಧ್ವನಿವರ್ಧಕಗಳಿಂದ. ಬಹಳ ಊರುಗಳಲ್ಲಿ ಸಂಜೆ ಐದಕ್ಕೆ, ಚಳಿಗಾಲದಲ್ಲಿ ಕೆಲವೆಡೆ ಇನ್ನೂ ಬೇಗ, ಹಳೆಯ ಮಕ್ಕಳ ಹಾಡಿನ ರಾಗವೊಂದು ಮೊಳಗುತ್ತದೆ. ಮಕ್ಕಳಿಗೆ ಅದು ಮನೆಗೆ ಹೊರಡುವ ಹೊತ್ತು. ಆದರೆ ಆ ಧ್ವನಿವರ್ಧಕಗಳು ಇರುವುದು ಭೂಕಂಪ, ಸುನಾಮಿ, ಪ್ರವಾಹದ ಎಚ್ಚರಿಕೆ ಕೊಡಲು. ದಿನಾ ಹಾಡು ಹಾಕಿದರೆ ಅವು ಕೆಟ್ಟಿಲ್ಲವೆಂದು ದಿನಾ ತಿಳಿಯುತ್ತದೆ.

2011ರ ಮಾರ್ಚ್ 11ರಂದು ಮಿಯಾಗಿ ಪ್ರಾಂತದ ಮಿನಾಮಿಸಾನ್‌ರಿಕು ಎಂಬ ಕಡಲತಡಿಯ ಊರಿನಲ್ಲಿ, ಪುರಸಭೆಯ 24 ವರ್ಷದ ಯುವತಿಯೊಬ್ಬರು ಮತ್ತು ಅವರ ಸಹೋದ್ಯೋಗಿ ಇಂಥದೇ ಮೈಕಿನ ಮುಂದೆ ಕೂತು, ಎತ್ತರದ ಜಾಗಕ್ಕೆ ಹೋಗಿ ಎಂದು ಜನರಿಗೆ ಕೂಗುತ್ತಲೇ ಇದ್ದರು. ಅಲೆ ಆ ಮೂರು ಅಂತಸ್ತಿನ ಕಟ್ಟಡದ ಛಾವಣಿಯನ್ನೂ ಮುಳುಗಿಸಿತು. ಆ ಯುವತಿ ಉಳಿಯಲಿಲ್ಲ. ಕೂಗು ಕೇಳಿ ಗುಡ್ಡ ಹತ್ತಿದವರು ಉಳಿದರು. ಕಟ್ಟಡದ ಕೆಂಪು ಉಕ್ಕಿನ ಚೌಕಟ್ಟು ಈಗಲೂ ಅಲ್ಲಿ ನಿಂತಿದೆ. ಆ ವರ್ಷ ಕವಾಸಾಕಿಯಲ್ಲಿದ್ದ ನಾನು, ಸಂಜೆಯ ಹಾಡು ಕೇಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಅದು ಮುಗಿಯುವವರೆಗೂ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ.