ಹರ್ಬೇರಿಯಂ ಶೀಟುಗಳನ್ನು ಸ್ಕ್ಯಾನ್ ಮಾಡಿದ ಮೇಲೆ ಬಿಸಾಡಬಹುದೇ?

ನಿಮ್ಮ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಬೀರುಗಳಲ್ಲಿ ಹಳೆಯ ಹರ್ಬೇರಿಯಂ ಶೀಟುಗಳು (ಒಣಗಿಸಿದ ಗಿಡವನ್ನು ಅಂಟಿಸಿ ಲೇಬಲ್ ಬರೆದಿಟ್ಟ ಕಾಗದಗಳು) ತುಂಬಿವೆ, ಜಾಗ ಸಾಲುತ್ತಿಲ್ಲ, ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡು ಮೂಲವನ್ನು ವಿಲೇವಾರಿ ಮಾಡಿದರೆ ವಿಜ್ಞಾನಕ್ಕೇನು ನಷ್ಟ ಎಂದು ಕೇಳಿದ್ದೀರಿ. ಸಸ್ಯ ವರ್ಗೀಕರಣ ಓದಿ ಈಗಲೂ ಇಂಥ ಬೀರುಗಳ ನಡುವೆಯೇ ಕೆಲಸ ಮಾಡುವವನು ನಾನು. ಸ್ಕ್ಯಾನ್ ಖಂಡಿತ ಮಾಡಿ. ಮೂಲವನ್ನು ಮಾತ್ರ ದಯವಿಟ್ಟು ಬಿಸಾಡಬೇಡಿ.

ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಸಿಗುವುದು ಗಿಡದ ಆಕಾರ ಮತ್ತು ಲೇಬಲ್ಲಿನ ಬರಹ. ಶೀಟಿನ ಮೇಲೆ ಗಿಡವೇ ಇದೆ. ಅದರ ಡಿಎನ್‌ಎ, ಪರಾಗ, ಎಲೆಗೆ ತಗುಲಿದ್ದ ರೋಗಾಣು, ಮಣ್ಣಿನಿಂದ ಹೀರಿಕೊಂಡ ಲೋಹ ಎಲ್ಲವೂ ಅಲ್ಲೇ ಇವೆ. ಸಂಗ್ರಹಿಸಿದವರು ಇದ್ಯಾವುದನ್ನೂ ಯೋಚಿಸಿರಲಿಲ್ಲ. ಮುಂದೆ ಯಾರು ಏನನ್ನು ಹುಡುಕಿಕೊಂಡು ಬರುತ್ತಾರೆಂದು ಇವತ್ತು ನಮಗೂ ಹೇಳಲಾಗದು.

ಐರ್ಲೆಂಡಿನ ಆಲೂಗಡ್ಡೆ ಕ್ಷಾಮದ ಬಗ್ಗೆ ಕೇಳಿರುತ್ತೀರಿ. 1845ರಿಂದ ಶುರುವಾದ ಆಲೂಗಡ್ಡೆಯ ಅಂಗಮಾರಿ ರೋಗ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾಯಿತು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ರೋಗ ತಂದದ್ದು ಫೈಟಾಫ್ತೊರಾ ಇನ್ಫೆಸ್ಟಾನ್ಸ್ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರು ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆದು ತಡೆಯಲು ಹೆಣಗುವ ಕೊಳೆರೋಗವೂ ಇದೇ ಕುಲದ ಜೀವಿಯದ್ದು. ಆದರೆ ಆ ಕ್ಷಾಮ ತಂದದ್ದು ಅದರ ಯಾವ ತಳಿ? ಯುಎಸ್-1 ಎಂಬ ತಳಿ ಇರಬೇಕೆಂದು ಬಹುಕಾಲ ಊಹಿಸಿದ್ದರು. 2013ರಲ್ಲಿ ಲಂಡನ್ನಿನ ಕ್ಯೂ ಮತ್ತು ಜರ್ಮನಿಯ ಮ್ಯೂನಿಕ್ ಹರ್ಬೇರಿಯಂಗಳಲ್ಲಿದ್ದ, ರೋಗ ತಗುಲಿದ ಹಳೆಯ ಎಲೆಗಳಿಂದ ಡಿಎನ್‌ಎ ತೆಗೆದು ಓದಿದರು. ಅದು ಯುಎಸ್-1 ಆಗಿರಲಿಲ್ಲ. ಅದಕ್ಕೆ ಹತ್ತಿರದ ಬೇರೆಯೇ ತಳಿಯೊಂದು ಸಿಕ್ಕಿತು, ಹರ್ಬೇರಿಯಂನಲ್ಲೇ ಸಿಕ್ಕಿದ್ದಕ್ಕೆ ಹರ್ಬ್-1 ಎಂದು ಹೆಸರಿಟ್ಟರು. 19ನೇ ಶತಮಾನದಲ್ಲಿ ಯಾರೋ ಪುಣ್ಯಾತ್ಮರು ಕಪ್ಪಾದ ಆಲೂಗಡ್ಡೆ ಎಲೆಯನ್ನೂ ಒಣಗಿಸಿ ಕಾಗದಕ್ಕೆ ಅಂಟಿಸಿಟ್ಟಿದ್ದರಿಂದ ಇದು ತಿಳಿಯಿತು. ಅದರ ಚಿತ್ರ ಮಾತ್ರ ಉಳಿದಿದ್ದರೆ ನಮಗೆ ಕಾಣುತ್ತಿದ್ದದ್ದು ಕಪ್ಪು ಕಲೆ ಅಷ್ಟೇ.

ನನಗೆ ತುಂಬ ಇಷ್ಟವಾದ ಅಧ್ಯಯನ ಇನ್ನೊಂದಿದೆ. 1987ರಲ್ಲಿ ಇಯಾನ್ ವುಡ್‌ವರ್ಡ್ ಎಂಬ ವಿಜ್ಞಾನಿ ಕೇಂಬ್ರಿಜ್‌ನ ಹರ್ಬೇರಿಯಂನಲ್ಲಿದ್ದ ಮರಗಳ ಎಲೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಪತ್ರರಂಧ್ರಗಳನ್ನು, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳನ್ನು, ಎಣಿಸಿದರು. ಸುಮಾರು 200 ವರ್ಷಗಳಲ್ಲಿ ಅವುಗಳ ಸಾಂದ್ರತೆ ಹತ್ತಿರಹತ್ತಿರ ಶೇ. 40ರಷ್ಟು ಇಳಿದಿತ್ತು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ ಮರಗಳು ಹಾಗೆ ಸ್ಪಂದಿಸಿದ್ದವು. ಪತ್ರರಂಧ್ರ ಎಣಿಸಲು ದೊಡ್ಡ ಉಪಕರಣವೇನೂ ಬೇಡ. ಎಲೆಯ ತಳಭಾಗಕ್ಕೆ ಪಾರದರ್ಶಕ ನೈಲ್ ಪಾಲಿಶ್ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಪೊರೆಯಂತೆ ಸುಲಿದು ಗಾಜಿನ ಸ್ಲೈಡಿನ ಮೇಲಿಟ್ಟರೆ ಒಂದೊಂದು ರಂಧ್ರದ ಅಚ್ಚೂ ಕಾಣುತ್ತದೆ. ನಿಮ್ಮ ಲ್ಯಾಬಿನಲ್ಲೇ ತಾಜಾ ಎಲೆಯ ಮೇಲೆ ಮಾಡಿ ನೋಡಬಹುದು. ಎಷ್ಟೇ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿದರೂ ಇದು ಸಾಧ್ಯವಿಲ್ಲ.

ಚಿತ್ರಗಳಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. 1943ರ ಮಾರ್ಚ್‌ನಲ್ಲಿ ಬಾಂಬ್ ದಾಳಿಗೆ ಬರ್ಲಿನ್ ಹರ್ಬೇರಿಯಂನ ಬಹುಪಾಲು ಸುಟ್ಟುಹೋಯಿತು. ಒಂದು ಪ್ರಭೇದದ ಹೆಸರಿಗೆ ಆಧಾರವಾಗಿ ಇಡುವ ಟೈಪ್ ಮಾದರಿಗಳೂ ಅದರಲ್ಲಿ ಹೋದವು. ಮ್ಯಾಕ್‌ಬ್ರೈಡ್ ಎಂಬ ಅಮೆರಿಕದ ಸಸ್ಯವಿಜ್ಞಾನಿ 1929ರಿಂದ ತೆಗೆದಿದ್ದ ಫೋಟೋಗಳಿಂದಾಗಿ ಅವುಗಳಲ್ಲಿ ಸಾವಿರಾರು ಮಾದರಿಗಳು ಹೇಗಿದ್ದವೆಂದಾದರೂ ನಮಗೆ ಗೊತ್ತು. ಸ್ಕ್ಯಾನ್ ಮಾಡಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಆದರೆ ಆ ಫೋಟೋಗಳಿಂದ ಯಾರೂ ಡಿಎನ್‌ಎ ತೆಗೆಯಲಾರರು.

ಇಷ್ಟು ದೊಡ್ಡ ಮಾತು ನಮ್ಮ ಕಾಲೇಜಿನ ಶೀಟುಗಳಿಗೂ ಅನ್ವಯಿಸುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಹರ್ಬೇರಿಯಂ ನೋಡಿ. ಫಾದರ್ ಸೆಸಿಲ್ ಸಲ್ಡಾನ ಮತ್ತು ಅವರ ಜೊತೆಗಾರರು ಹಾಸನ ಜಿಲ್ಲೆಯನ್ನು ಸುತ್ತಿ ಗಿಡ ಸಂಗ್ರಹಿಸಿದರು, 1976ರಲ್ಲಿ ಆ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಹೊರಬಂತು. ಅದೇ ಜಿಲ್ಲೆಯ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ಆ ಸಂಗ್ರಹ ಹಿನ್ನೀರು ತುಂಬುವುದಕ್ಕೂ ಹಿಂದಿನ ಹಾಸನದ್ದು. ಈಗ ಹೋಗಿ ಹೊಸದಾಗಿ ಸಂಗ್ರಹಿಸುತ್ತೇವೆಂದರೆ ಆ ಕಾಲ ಸಿಗುವುದಿಲ್ಲ. ಅದೃಷ್ಟಕ್ಕೆ ಆ ಹರ್ಬೇರಿಯಂ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭದ್ರವಾಗಿದೆ.

ನಿಮ್ಮ ಬೀರುಗಳ ವಿಷಯಕ್ಕೆ ಬರುತ್ತೇನೆ. ಮೊದಲು ಲೇಬಲ್ ನೋಡಿ. ಊರು, ತಾರೀಖು, ಸಂಗ್ರಹಿಸಿದವರ ಹೆಸರು ಇರುವ ಶೀಟು ಎಷ್ಟೇ ಸಾಮಾನ್ಯ ಗಿಡದ್ದಾದರೂ ಇಟ್ಟುಕೊಳ್ಳಿ. ತುಂಬೆ, ಉತ್ತರಾಣಿಯ ಗಿಡಗಳನ್ನು ಬೇರೆ ಬೇರೆ ವರ್ಷಗಳಲ್ಲಿ ಒಣಗಿಸಿಟ್ಟಿದ್ದರೆ ಅವು ಹೂ ಬಿಡುವ ಕಾಲ ಬದಲಾಗಿದೆಯೇ ಎಂದು ಹೋಲಿಸಿ ನೋಡಬಹುದು. ಲೇಬಲ್ಲೇ ಇಲ್ಲದ ಶೀಟನ್ನು ಪಾಠ ಮಾಡಲು ಬಳಸಿ, ಜಾಗ ಬೇಕಿದ್ದರೆ ಅವನ್ನು ವಿಲೇವಾರಿ ಮಾಡಿ. ಶೀಟಿನ ಮೂಲೆಯ ಸಣ್ಣ ಲಕೋಟೆಯನ್ನು ಎಸೆಯಬೇಡಿ, ಉದುರಿದ ಬೀಜ, ಹೂ ಅದರಲ್ಲಿರುತ್ತವೆ. ಇಟ್ಟುಕೊಳ್ಳಲು ಆಗುವುದೇ ಇಲ್ಲವೆಂದಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಅಥವಾ ಭಾರತೀಯ ಸಸ್ಯ ಸರ್ವೇಕ್ಷಣೆಯ ಪುಣೆ ಕೇಂದ್ರಕ್ಕೆ ಪಟ್ಟಿ ಕಳಿಸಿ, ತೆಗೆದುಕೊಳ್ಳುತ್ತೀರಾ ಎಂದು ಕೇಳಿ.

ಮತ್ತೆ, ಹುಳ ಹಿಡಿಯಬಾರದೆಂದು ಹಳೆಯ ಶೀಟುಗಳಿಗೆ ಮರ್ಕ್ಯೂರಿಕ್ ಕ್ಲೋರೈಡ್ ಬಳಿಯುವ ರೂಢಿ ಇತ್ತು. ಅದು ಪಾದರಸದ ವಿಷ, ವರ್ಷಗಳಾದರೂ ಹೋಗುವುದಿಲ್ಲ. ಸ್ಕ್ಯಾನ್ ಮಾಡುವ ವಿದ್ಯಾರ್ಥಿಗಳಿಗೆ ಕೈಗವಸು ಕೊಡಿ, ಕಿಟಕಿ ತೆರೆದಿಡಿ, ಆ ಮೇಜಿನ ಹತ್ತಿರ ಊಟ ತಿಂಡಿ ಬೇಡ.