ಗ್ಯಾಸ್ ಪೈಪ್ ನೆಲದಡಿಯಲ್ಲೇ ಹೋಗುತ್ತಲ್ಲ, ತಮಿಳುನಾಡಿನ ರೈತರು ಯಾಕೆ ವಿರೋಧಿಸಿದರು?

ಜಮೀನು ರೈತರ ಹೆಸರಲ್ಲೇ ಉಳಿಯುತ್ತದೆ, ಆದರೆ ಅದನ್ನು ಬೇಕಾದಂತೆ ಬಳಸುವ ಹಕ್ಕು ಹೋಗುತ್ತದೆ. ಅದಕ್ಕೇ ಸಿಟ್ಟು.

ಕೊಚ್ಚಿಯಿಂದ ಬೆಂಗಳೂರಿಗೆ ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಹಾಕಲು ಹೊರಟ ಪೈಪ್‌ಲೈನ್ ತಮಿಳುನಾಡಿನ 7 ಜಿಲ್ಲೆಗಳ ಹೊಲಗಳನ್ನು ಹಾಯಬೇಕಿತ್ತು. ಇಂಥ ಕೆಲಸಕ್ಕೆ 1962ರ ಕಾಯ್ದೆ ಇದೆ. ಅದರಲ್ಲಿ ಜಮೀನನ್ನು ಕೊಳ್ಳುವುದಿಲ್ಲ, ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತಾರೆ. ಅದಕ್ಕೆ ಪರಿಹಾರ ಮಾರುಕಟ್ಟೆ ಬೆಲೆಯ ಶೇ 10. ಬೆಳೆ, ಮರ ಹಾಳಾದರೆ ಬೇರೆ. ಆಮೇಲೆ ಪೈಪ್ ಹಾದ ಆ ನೆಲದಲ್ಲಿ ರಾಗಿ ಬಿತ್ತಬಹುದು. ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ತೆಂಗಿನ ಸಸಿಯನ್ನೂ ನೆಡುವಂತಿಲ್ಲ. ಎರಡು ಎಕರೆಯವನ ತೋಟದ ನಟ್ಟನಡುವೆ ಹಾದರೆ ಉಳಿಯುವುದೇನು? ಸುಮ್ನೆ ಹಟ ಹಿಡಿದಿದ್ದಲ್ಲ ಅಲ್ವಾ.

ಹೆದ್ದಾರಿ ಬದಿಯಲ್ಲಿ ಹಾಕಿ ಎಂದು 2013ರಲ್ಲಿ ಅಲ್ಲಿನ ಸರ್ಕಾರವೂ ಹೇಳಿತ್ತು. 2016ರಲ್ಲಿ ಸುಪ್ರೀಂ ಕೋರ್ಟ್ ಗೇಲ್ ಪರವಾಗಿ ತೀರ್ಪು ಕೊಟ್ಟಿತು.